ಜಡ್ಡಿಹಂಬಿನ ಕಾಯಿ

ಊರವರು ಅದನ್ನು ಗಾಜಿನ ಮನೆ ಎನ್ನುತ್ತಾರೆ. ಗಾಜು ಇರುವುದು ಬಾಗಿಲಿಗೆ ಮಾತ್ರ. ಉಳಿದದ್ದೆಲ್ಲ ಕಬ್ಬಿಣದ ಪೈಪು, ದಪ್ಪ ಪ್ಲಾಸ್ಟಿಕ್ ಹಾಳೆ, ಮೇಲೊಂದು ಹಸಿರು ಬಲೆ. ಹೆಸರಿಡುವುದರಲ್ಲಿ ನಮ್ಮ ಜನ ಯಾವತ್ತೂ ಧಾರಾಳಿಗಳು. ಸಿದ್ದಾಪುರದಿಂದ ಬಿಳಗಿಗೆ ಹೋಗುವ ದಾರಿಯಲ್ಲಿ ಎಡಕ್ಕೆ ತಿರುಗಿ, ಹೊಂಡದ ರಸ್ತೆಯಲ್ಲಿ ಸೊಂಟ ಉಳಿಸಿಕೊಂಡು ಬಂದರೆ ಟ್ರಸ್ಟಿನವರ ಸಸ್ಯೋದ್ಯಾನ ಸಿಗುತ್ತದೆ. ಅದರ ಹಿಂದುಗಡೆ ಇಂಥ ಮನೆಗಳು ಮೂರಿವೆ.

ಮೊದಲನೆಯದು ಕಳ್ಳಿಗಳದ್ದು. ಇಷ್ಟು ಮಳೆ ಹೊಡೆಯುವ ಸೀಮೆಯಲ್ಲಿ ಮರುಭೂಮಿಯ ಗಿಡ ಸಾಕುತ್ತಾರೆ, ಅವಕ್ಕೆ ನೀರು ತಾಗದ ಹಾಗೆ ಕಾಯುವುದೇ ಒಬ್ಬ ಆಳಿನ ಸಂಬಳದ ಕೆಲಸ! ಎರಡನೆಯದರಲ್ಲಿ ಸೀತಾಳೆದಂಡೆಯೆಂಬ ಆರ್ಕಿಡ್ ಮತ್ತು ಅದರ ದೂರದ, ಹತ್ತಿರದ ನೆಂಟರು ಮರದ ತುಂಡುಗಳಿಗೆ ಜೋತುಬಿದ್ದಿದ್ದಾರೆ. ಮೂರನೆಯದು ಆವಿಮನೆ. ಒಳಗೆ ಕಾಲಿಟ್ಟರೆ ಅಂಗಿ ಬೆನ್ನಿಗೆ ಅಂಟುತ್ತದೆ. ಅಲ್ಲಿ ನೊಣ ಹಿಡಿದು ತಿನ್ನುವ ಹೂಜಿಗಿಡ ಇದೆ, ಗಾಳಿಯಿಲ್ಲದಿದ್ದರೂ ಎಲೆ ಕುಣಿಸುವ ಗಿಡ ಇದೆ, ಹೂ ಬಿಟ್ಟಾಗ ಸತ್ತ ಹೆಗ್ಗಣದ ನಾತ ಹೊಡೆಯುವ ಒಂದು ಗೆಡ್ಡೆ ಇದೆ. ಆ ಗೆಡ್ಡೆ ಹೂ ಬಿಟ್ಟ ಸುದ್ದಿ ಹಬ್ಬಿದರೆ ಶಿರಸಿಯಿಂದ ಕಾರು ಮಾಡಿಕೊಂಡು ಜನ ಬರುತ್ತಾರೆ. ಟಿಕೆಟ್ ತೆಗೆದು ಒಳಗೆ ಬಂದು, ಮೂಸಿ, ಥೂ ಎಂದು ಬೈದು, ಪಕ್ಕದಲ್ಲಿ ನಿಂತು ಫೋಟೊ ಹೊಡೆಸಿಕೊಂಡು ಹೋಗುತ್ತಾರೆ.

ಇದೇ ಆವಿಮನೆಯ ಮೂಲೆಯಲ್ಲಿ ಯಾರೂ ಫೋಟೊ ಹೊಡೆಯದ ಒಂದು ಬಳ್ಳಿ. ನೋಡಲು ಮೆಣಸಿನ ಬಳ್ಳಿಯ ಬಡ ನೆಂಟನ ಹಾಗಿದೆ. ಬೇಸಿಗೆಯಲ್ಲೂ ಕಾಲು ಹೂತುಹೋಗುವ ಕಾಡಿನ ಜೌಗಿಗೆ ಈ ಕಡೆ ಜಡ್ಡಿ ಎನ್ನುತ್ತಾರೆ. ಜಡ್ಡಿಯಲ್ಲಿ ಮರ ಹಿಡಿದು ಏರುವ ಹಂಬು ಆದ್ದರಿಂದ ಇದು ಜಡ್ಡಿಹಂಬು. ಇರುವುದು ಇದೊಂದೇ. ಗೊತ್ತಿದ್ದವರು ಹುಡುಕಿದ ಮಟ್ಟಿಗೆ ಭೂಮಿಯ ಮೇಲೆ ಇನ್ನೊಂದಿಲ್ಲ.

ಇದನ್ನು ನೋಡಿಕೊಳ್ಳುವವನು ಉಲ್ಲಾಸ. ನಲವತ್ತು ದಾಟಿದೆ, ಮದುವೆಯಾಗಿಲ್ಲ. ಹೆಣ್ಣು ಕೊಡುವವರು ಸಿಗಲಿಲ್ಲವೋ, ಇವನೇ ಕೇಳಲಿಲ್ಲವೋ, ಅಂತೂ ಗಾಜಿನ ಮನೆಯನ್ನೇ ಕಟ್ಟಿಕೊಂಡಿದ್ದಾನೆ ಎಂದು ಊರಿನ ತಮಾಷೆ. ಅವನ ಅವ್ವ ನಾಗಿ ಈ ತಮಾಷೆಗೆ ನಗುವುದಿಲ್ಲ. ಮಧ್ಯಾಹ್ನವಾದರೆ ಬುತ್ತಿ ಹಿಡಿದು ಗದ್ದೆಯ ಅಂಚಿನಲ್ಲಿ ನಡೆದು ಬರುತ್ತಾಳೆ, ಮಗ ಉಣ್ಣುವವರೆಗೆ ಆವಿಮನೆಯ ಬಾಗಿಲಲ್ಲಿ ಕೂತು ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತಾಳೆ, ಪಾತ್ರೆ ತೆಗೆದುಕೊಂಡು ಹೋಗುತ್ತಾಳೆ. ಅವಳನ್ನು ತಡೆಯುವವರು ಅಲ್ಲಿ ಯಾರೂ ಇಲ್ಲ. 'ಮುಟ್ಟಬೇಡಿ' ಎಂಬ ಬೋರ್ಡು ಅಲ್ಲೇ ಇದೆ, ನಿಜ. ಮಗನ ಕೈಬರಹದ ಬೋರ್ಡು ಅವ್ವನಿಗೂ ಅನ್ವಯಿಸುತ್ತದೆ ಎಂದು ಯಾವ ಅವ್ವ ಅಂದುಕೊಳ್ಳುತ್ತಾಳೆ?

ಈ ಹಂಬನ್ನು ಉಲ್ಲಾಸ ಪುಸ್ತಕ ನೋಡಿ ಗುರುತಿಸಿದ್ದಲ್ಲ. ತೊಟ್ಟಿಲಲ್ಲಿದ್ದಾಗಿನಿಂದ ಇದರ ಕಾಯಿ ನೋಡಿಕೊಂಡೇ ಬೆಳೆದವನು. ಚೌತಿಗೆ ಗಣಪತಿ ಕೂರಿಸುವಾಗ ಮಂಟಪದ ಮೇಲೆ ಅಡಿಕೆ ಮರ ಸೀಳಿದ ದಬ್ಬೆಯ ಚೌಕಟ್ಟು ಕಟ್ಟಿ, ಕಾಡಿನದು, ತೋಟದ್ದು, ಹಿತ್ತಿಲಿನದು ಎಂದು ಸಿಕ್ಕ ಕಾಯಿ ಹೂಗಳನ್ನೆಲ್ಲ ತೂಗಿಬಿಡುತ್ತಾರಲ್ಲ, ಫಲಾವಳಿ, ಅದರಲ್ಲಿ ಎಲ್ಲರ ಮನೆಯಲ್ಲೂ ಮಾದಲಕಾಯಿ ಇರುತ್ತದೆ, ಅಮಟೆಕಾಯಿ ಇರುತ್ತದೆ, ಎಳೆ ಅಡಿಕೆಯ ಗೊನೆ, ಹಾಗಲ, ಗೌರಿ ಹೂ ಇರುತ್ತವೆ. ಇನ್ನೊಬ್ಬರ ಮನೆಯಲ್ಲಿ ಇಲ್ಲದ್ದು ನಮ್ಮಲ್ಲಿ ಏನಿದೆ ಎಂಬುದೇ ದೊಡ್ಡಸ್ತಿಕೆ. ಉಲ್ಲಾಸನ ಅಪ್ಪ ಹೊನ್ನನ ದೊಡ್ಡಸ್ತಿಕೆ ಜಡ್ಡಿಹಂಬಿನ ಕಾಯಿ. ನಿಂಬೆಗಾತ್ರ, ಮೈಮೇಲೆ ಬಿಳಿ ಗೀರು, ಗೇಣುದ್ದದ ತೊಟ್ಟು. ತದಿಗೆಯ ದಿನ ಹೊನ್ನ ಜಡ್ಡಿಗೆ ಇಳಿದು ಮೊಳಕಾಲವರೆಗೆ ಕೆಸರು ಮಾಡಿಕೊಂಡು ಇದ್ದಷ್ಟನ್ನೂ ಕೊಯ್ದು ತರುತ್ತಿದ್ದ. ಮನೆಗೊಂದು, ನೆರೆಹೊರೆಗೆ ಒಂದೊಂದು, ಕೇಳಿಕೊಂಡು ಬಂದವರಿಗೂ ಇಲ್ಲವೆನ್ನದೆ ಒಂದು. ಅವನ ಅಪ್ಪನೂ ಹಾಗೇ ಮಾಡುತ್ತಿದ್ದನಂತೆ. ಚೌತಿಯ ಕಾಯಿಯನ್ನು ಯಾರ ಬೇಲಿಯಿಂದ ಕೊಯ್ದರೂ ಕೇಳುವ ರೂಢಿ ಆ ಊರಿನಲ್ಲಿಲ್ಲ. ದೇವರಿಗೆಂದು ಕೊಯ್ಯುವವರು ಕೇಳುವುದಿಲ್ಲ, ಬೆಳೆದವರು ಬೇಡವೆನ್ನುವುದಿಲ್ಲ.

ಕಾಯಿ ಚೌತಿಯ ಹೊತ್ತಿಗೆ ಹಸಿರಾಗಿರುತ್ತದೆ. ದೀಪಾವಳಿ ಕಳೆದ ಮೇಲೆ ಕೆಂಪಾಗಿ ಒಡೆಯುತ್ತದೆ, ಆಗಲೇ ಬೀಜ ಬೀಜವಾಗುವುದು. ಅದಕ್ಕೆ ಮೊದಲು ಒಳಗಿರುವುದು ಬರೀ ನೀರು. ಆದರೆ ದೀಪಾವಳಿಯವರೆಗೆ ಹಂಬಿನಲ್ಲಿ ಉಳಿದ ಕಾಯಿಯನ್ನು ಆ ಊರಿನಲ್ಲಿ ಯಾರಾದರೂ ನೋಡಿದ್ದರೆ ತಾನೆ?

ಆಮೇಲೆ ಜಡ್ಡಿಗೆ ಜೆಸಿಬಿ ಇಳಿಯಿತು. ಕಾಲುವೆ ತೋಡಿ ನೀರು ಬಸಿದರು, ಮರ ಉರುಳಿಸಿದರು, ತೋಟ ಎದ್ದಿತು. ಆಗಷ್ಟೇ ಉದ್ಯಾನದಲ್ಲಿ ಕೆಲಸಕ್ಕೆ ಸೇರಿದ್ದ ಉಲ್ಲಾಸ ಬುಟ್ಟಿಯಲ್ಲಿ ಮಣ್ಣು ಸಮೇತ ಎರಡು ಹಂಬು ಎತ್ತಿಕೊಂಡು ಬಂದ. ಅದೃಷ್ಟಕ್ಕೆ ಒಂದು ಹೆಣ್ಣು, ಒಂದು ಗಂಡು. ಈ ಹಂಬಿನಲ್ಲಿ ಗಂಡು ಹೂವಿನ ಬಳ್ಳಿಯೇ ಬೇರೆ, ಹೆಣ್ಣು ಹೂವಿನ ಬಳ್ಳಿಯೇ ಬೇರೆ. ಎರಡೂ ಇದ್ದರೆ ಮಾತ್ರ ಕಾಯಿ. ಎರಡೂ ಮುದಿ ಬಳ್ಳಿಗಳು. ಇಡೀ ಜಡ್ಡಿಯಲ್ಲಿ ಒಂದೇ ಒಂದು ಮರಿ ಸಸಿ ಸಿಕ್ಕಿರಲಿಲ್ಲ. ಏಕೆ ಸಿಗಲಿಲ್ಲ ಎಂಬುದು ಅವನಿಗೆ ಹೊಳೆಯಲು ವರ್ಷಗಳೇ ಹಿಡಿದವು. ಅಪ್ಪ ಆಗ ಕೆಮ್ಮಿ ಕೆಮ್ಮಿ ಎಲುಬಿನ ಗೂಡಾಗಿದ್ದ. ಆ ಮುದುಕನ ಎದುರು ಕೂತು, ನೀನೂ ನಿನ್ನಪ್ಪನೂ ಸೇರಿ ಕೊಯ್ದೇ ಇದನ್ನು ಮುಗಿಸಿದಿರಿ ಎಂದು ಹೇಳಿ ಯಾವ ಪುಣ್ಯ ಕಟ್ಟಿಕೊಳ್ಳಬೇಕಿತ್ತು? ಉಲ್ಲಾಸ ಬಾಯಿ ಮುಚ್ಚಿಕೊಂಡ. ಅಪ್ಪ ಸತ್ತ ಮೇಲೂ ಅವ್ವನ ಹತ್ತಿರ ಆ ಮಾತು ತೆಗೆಯಲಿಲ್ಲ.

ಆವಿಮನೆಗೆ ಬಂದ ಗಂಡು ಹಂಬು ವರ್ಷಗಟ್ಟಲೆ ಹೂವನ್ನೇ ಬಿಡಲಿಲ್ಲ, ಹಾಗಾಗಿ ಕಾಯಿಯೂ ಆಗಲಿಲ್ಲ. ಬಳ್ಳಿ ತುಂಡು ಮಾಡಿ ನೆಟ್ಟರೆ ಬೇರು ಬರಲಿಲ್ಲ. ಉದ್ಯಾನದ ಮುಖ್ಯಸ್ಥ ರವೀಂದ್ರ ಸರ್ ಪಾಪ, ಚಿಗುರನ್ನು ದೂರದ ಪ್ರಯೋಗಾಲಯಗಳಿಗೆಲ್ಲ ಕಳಿಸಿ ನೋಡಿದರು. ಎಲ್ಲ ಕಡೆ ಕಪ್ಪಾಗಿ ಸತ್ತಿತು. ಕಳೆದ ಮಳೆಗಾಲದಲ್ಲಿ ಗಂಡು ಹಂಬಿನ ಬೇರು ಕೊಳೆಯಿತು. ಉಲ್ಲಾಸ ಮಣ್ಣು ಬದಲಿಸಿದ, ಮದ್ದು ಹೊಡೆದ, ಪಕ್ಕದಲ್ಲಿ ಮಂಚ ಹಾಕಿಕೊಂಡು ಮಲಗಿದ. ಸಾಯುವ ಮೊದಲು ಅದು ಒಮ್ಮೆ ಹೂ ಬಿಟ್ಟಿತು. ಆ ಹೂವಿನ ಪುಡಿಯನ್ನು ಸಣ್ಣ ಡಬ್ಬಿಯಲ್ಲಿ ಉದುರಿಸಿ ಫ್ರಿಜ್ಜಿನಲ್ಲಿಟ್ಟು, ಹೋಳಿಯ ಹೊತ್ತಿಗೆ ಹೆಣ್ಣು ಹಂಬು ಹೂ ಬಿಟ್ಟಾಗ ಬಣ್ಣದ ಬ್ರಷ್ಷಿನಲ್ಲಿ ಒಂದೊಂದು ಹೂವಿಗೂ ತಾಗಿಸಿದ. ಹೂವೆಲ್ಲ ಉದುರಿತು. ಒಂದು ನಿಂತಿತು.

ಆ ಒಂದು ಕಾಯಿಗೆ ಅವನು ಮಾಡಿದ ಚಾಕರಿ ನೋಡಿದರೆ ಯಾರಿಗಾದರೂ ನಗು ಬರಬೇಕು. ಇಲಿ ಬಾರದ ಹಾಗೆ ತಗಡು ಕಟ್ಟಿದ. ಇರುವೆ ಹತ್ತದ ಹಾಗೆ ಬುಡಕ್ಕೆ ನೀರಿನ ತಟ್ಟೆ ಇಟ್ಟ. ಬೆಳಗ್ಗೆ ಬಂದವನು ಚಪ್ಪಲಿ ಬಿಡುವ ಮೊದಲು ಅದರ ಮುಖ ನೋಡುತ್ತಿದ್ದ. ಬುತ್ತಿ ತಂದ ಅವ್ವನಿಗೂ ಕೈ ಹಿಡಿದು ಕರೆದೊಯ್ದು ತೋರಿಸಿದ. ನಾಗಿ ತುಂಬ ಹೊತ್ತು ನೋಡಿದಳು, ನಿಮ್ಮಪ್ಪ ಇದ್ದಿದ್ದರೆ ಎಂದು ಏನೋ ಹೇಳಹೊರಟು ಕಣ್ಣು ಒರೆಸಿಕೊಂಡಳು. ಇದು ಹಣ್ಣಾಗಿ ಹತ್ತು ಬೀಜ ಸಿಕ್ಕಿ, ಹತ್ತರಲ್ಲಿ ನಾಲ್ಕು ಮೊಳೆತು, ನಾಲ್ಕರಲ್ಲಿ ಒಂದು ಗಂಡಾದರೆ ಸಾಕು ಎಂದು ಅವನು ದಿನಕ್ಕೆ ಹತ್ತು ಸಲ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ. ಬಾಯಿಬಿಟ್ಟು ಅವ್ವನಿಗೆ ಹೇಳಿದ್ದು ಇಷ್ಟೇ, ಕಾಯಿ ಚೆನ್ನಾಗಿ ಬಲಿಯುತ್ತಿದೆ ಎಂದು.

ಚೌತಿಗೆ ಎರಡು ದಿನ ಇರುವಾಗ ಮುನವ್ವರ್ ಭಾಯ್ ಸುದ್ದಿ ತಂದರು. ಉದ್ಯಾನದ ವ್ಯಾನು ಓಡಿಸುವವರು ಇವರು. ಮೊದಲು ಯಲ್ಲಾಪುರದಲ್ಲಿ ಮರ ಸಾಗಿಸುವ ನಾಟಾ ಲಾರಿಯಲ್ಲಿ ಮೈಮೂಳೆ ಸವೆಸಿದ ಆಸಾಮಿ. ಗಂಡು ಹಂಬು ಸತ್ತಾಗಿನಿಂದ ಉಲ್ಲಾಸನನ್ನು ಕೂರಿಸಿಕೊಂಡು ಮತ್ತಿಘಟ್ಟದ ಕಣಿವೆ, ಇತ್ತ ಬಿಳಗಿಯ ಹಿಂದಿನ ಕಾಡು ಎಲ್ಲ ಸುತ್ತಿಸಿದವರು ಅವರೇ. ಈಗ ಅವರ ಅಕ್ಕನ ಮಗ ತಾರಿಕ್ ಯಲ್ಲಾಪುರದಾಚೆ ಹಳ್ಳದ ಬದಿಯಲ್ಲಿ ಇಂಥದ್ದೇ ಎಲೆಯ ಬಳ್ಳಿ ನೋಡಿದ್ದೇನೆ, ಸಣ್ಣ ಬಿಳಿ ಹೂ ಇದೆ ಎಂದು ಫೋನಿನಲ್ಲಿ ಹೇಳಿದ್ದನಂತೆ. ಉಲ್ಲಾಸ ಎದ್ದವನೇ ಹೊರಟ. ಹಬ್ಬದ ಎದುರಿಗೆ ಎಲ್ಲಿಗೆ ಹೋಗುತ್ತೀ ಎಂದು ನಾಗಿ ಕೇಳಿದ್ದಕ್ಕೆ, ಚೌತಿ ಬೆಳಗ್ಗೆ ಮನೆಯಲ್ಲಿರುತ್ತೇನೆ ಎಂದ. ಫಲಾವಳಿ ಕಟ್ಟುವವರು ಯಾರು ಎಂದಳು. ನೀನೇ ಕಟ್ಟು ಅವ್ವ, ಎಂದು ವ್ಯಾನು ಹತ್ತಿದ.

ಹಳ್ಳಕ್ಕೆ ಇಳಿಯುವಷ್ಟರಲ್ಲಿ ಮೊಳಕೈ, ಮೊಳಕಾಲು ತರಚಿ ರಕ್ತ ಬಂತು. ರಕ್ತ ಹೀರುವ ಉಂಬಳ ಕಚ್ಚಿದ್ದಕ್ಕಂತೂ ಲೆಕ್ಕವಿಲ್ಲ. ತಾರಿಕ್ ತೋರಿಸಿದ ಬಳ್ಳಿಯ ಎಲೆಯನ್ನು ಉಲ್ಲಾಸ ಬೆರಳಲ್ಲಿ ಹೊಸಕಿ ಮೂಸಿದ. ಅದಲ್ಲ. ಎಲ್ಲ ಹಳ್ಳದಲ್ಲೂ ಸಿಗುವ ಸಾಮಾನ್ಯ ಬಳ್ಳಿ. ತಾರಿಕ್ ತಪ್ಪು ಮಾಡಿದವನಂತೆ ತಲೆ ಕೆರೆದುಕೊಂಡ. ಬರುವಾಗ ವ್ಯಾನಿನ ಬೆಲ್ಟು ಕಡಿದು ಯಲ್ಲಾಪುರದಲ್ಲೇ ಎರಡು ರಾತ್ರಿ ಉಳಿಯಬೇಕಾಯಿತು. ಮುನವ್ವರ್ ಭಾಯ್ ಅಕ್ಕ ಸುಗ್ರಾ ರೊಟ್ಟಿ ಬಡಿಸಿ, ಬೆಳಗ್ಗೆ ಹೊರಡುವಾಗ ಹಿತ್ತಿಲಿನ ಎರಡು ಮಾದಲಕಾಯಿ ಕೊಯ್ದು ಚೀಲಕ್ಕೆ ಹಾಕಿದಳು. ಹಬ್ಬದ ದಿನ ಬರಿಗೈಯಲ್ಲಿ ಮನೆಗೆ ಹೋಗಬಾರದು ಎಂದಳು.

ಶಿರಸಿ ದಾಟುವವರೆಗೆ ಉಲ್ಲಾಸ ಕಿಟಕಿಯಾಚೆಯ ಬಳ್ಳಿಗಳನ್ನೇ ನೋಡುತ್ತ ಕೂತ. ಮುನವ್ವರ್ ಭಾಯ್ ಸ್ಟೇರಿಂಗಿನ ಮೇಲೆ ಕೈಯಿಟ್ಟುಕೊಂಡೇ ಸಮಾಧಾನ ಹೇಳಿದರು.

"ಹೋಗ್ಲಿ ಬಿಡೋ. ಕಾಯಿ ಒಂದು ಅದೆಯಲ್ಲ. ಅಲ್ಲಾಹು ಒಂದು ಬಾಗ್ಲು ತೆಗ್ದೇ ಇಟ್ಟಿದ್ದಾನೆ."

ಅಷ್ಟರಲ್ಲಿ ಅವ್ವನ ಫೋನು. ಭಟ್ಟರು ಬರುವ ಹೊತ್ತಾಯಿತು, ಎಲ್ಲಿದ್ದೀ, ಬೇಗ ಬಾ, ಬಂದು ಮೊದಲು ಫಲಾವಳಿ ನೋಡು ಎಂದಳು. ದನಿಯಲ್ಲಿ ಹುಡುಗಿಯ ಹುರುಪಿತ್ತು. ಅಪ್ಪ ಸತ್ತ ವರ್ಷ ಹಬ್ಬ ಇರಲಿಲ್ಲ. ಎರಡು ವರ್ಷದ ಮೇಲೆ ಮನೆಗೆ ಗಣಪತಿ ಬಂದಿದೆ, ಅವ್ವ ಖುಷಿಯಾಗಿದ್ದಾಳೆ ಎಂದು ಅವನಿಗೂ ಒಂದು ಚೂರು ಹಗುರವೆನಿಸಿತು.

ಜಗುಲಿಯಲ್ಲಿ ನೆರೆಮನೆಯವರು ನಾಲ್ಕು ಜನ ನಿಂತಿದ್ದರು. ಭಟ್ಟರು ಗರಿಕೆ ಬಿಡಿಸುತ್ತಿದ್ದರು. ಉಲ್ಲಾಸ ಕಾಲು ತೊಳೆದು ಒಳಗೆ ಬಂದು ತಲೆಯೆತ್ತಿದ. ದಬ್ಬೆಗಳ ನಟ್ಟನಡುವೆ, ಗಣಪತಿಯ ಕಿರೀಟಕ್ಕೆ ನೇರವಾಗಿ, ಗೇಣುದ್ದದ ತೊಟ್ಟಿನಲ್ಲಿ, ಬಿಳಿ ಗೀರಿನ ಹಸಿರು ಕಾಯಿ ತೂಗುತ್ತಿತ್ತು.

ಒಂದು ಕ್ಷಣ ಅವನಿಗೆ ಇದು ಚಿಕ್ಕಂದಿನ ಯಾವುದೋ ಚೌತಿ ಎನಿಸಿತಂತೆ. ಆಮೇಲೆ ಕಂಬ ಹಿಡಿದುಕೊಂಡ.

"ಯಾರು ಕೊಯ್ದಿದ್ದು ಇದನ್ನ?"

"ನಾನೇ ಮಾರಾಯ. ಇನ್ಯಾರು ಕೊಯ್ತಾರೆ?" ನಾಗಿ ನಗುತ್ತಲೇ ಹೇಳಿದಳು. "ನಿನ್ನೆ ಹೋಗಿ ತಂದೆ. ನಿಮ್ಮಪ್ಪನ ಕಾಯಿ ಇಲ್ದೆ ಚೌತಿ ಎಂತ ಚೌತಿ? ನೀನೂ ಅದ್ಕೇ ಅಲ್ಲನಾ, ಇಷ್ಟು ವರ್ಷ ಅದನ್ನ ಸಾಕಿದ್ದು?"

ಅವಳಿಗೆ ಅದರಲ್ಲಿ ಯಾವ ಅನುಮಾನವೂ ಇರಲಿಲ್ಲ. ಜಡ್ಡಿ ಹೋಯಿತು, ಅಪ್ಪನ ಕಾಯಿ ಹೋಯಿತು. ಮಗ ಮದುವೆ ಮಕ್ಕಳು ಎಲ್ಲ ಬಿಟ್ಟು ಗಾಜಿನ ಮನೆಯಲ್ಲಿ ಅದನ್ನು ಮತ್ತೆ ಬೆಳೆಸುತ್ತಿದ್ದಾನೆ, ಮನೆಯ ಚೌತಿಗಾಗಿ. ವರ್ಷಗಟ್ಟಲೆ ಬುತ್ತಿ ಹೊತ್ತು ಬಂದ ತಾಯಿ ಹಾಗಲ್ಲದೆ ಬೇರೆ ಹೇಗೆ ಅರ್ಥ ಮಾಡಿಕೊಳ್ಳಬೇಕಿತ್ತು? ಬೇರೆ ಅರ್ಥವನ್ನು ಅವಳಿಗೆ ಹೇಳಿದವರಾದರೂ ಯಾರು?

ಇದೆಲ್ಲ ಉಲ್ಲಾಸನಿಗೆ ಆಗ ಹೊಳೆಯಲಿಲ್ಲ. ಹೊಳೆದಿದ್ದರೆ ಆ ಮಾತು ಆಡುತ್ತಿರಲಿಲ್ಲ.

"ಕೊಂದ್ಯಲ್ಲೇ ಅವ್ವ," ಎಂದ. ಕೂಗಲಿಲ್ಲ, ಆದರೆ ಜಗುಲಿಯವರೆಗೆ ಕೇಳಿಸಿತು. "ಜಗತ್ತಲ್ಲಿ ಇದ್ದಿದ್ದು ಅದೊಂದೇ. ಹಣ್ಣಾಗಿ ಬೀಜ ಬಿದ್ದಿದ್ರೆ ಉಳೀತಿತ್ತು. ಅಪ್ಪನೂ ಇದೇ ಮಾಡ್ದ. ವರ್ಷಾ ವರ್ಷಾ ಹಸಿರು ಕಾಯಿ ಕೊಯ್ದು ಕೊಯ್ದು, ಒಂದು ಬೀಜ ನೆಲಕ್ಕೆ ಬೀಳ್ದಂಗೆ ಮಾಡಿ ಸತ್ತ. ಉಳಿದ ಒಂದನ್ನ ನೀನು ಮುಗಿಸ್ದೆ."

ಭಟ್ಟರ ಕೈಯಲ್ಲಿ ಗರಿಕೆ ಹಾಗೇ ಉಳಿಯಿತು. ನಾಗಿಯ ಮುಖದ ನಗು ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಏನು ಹೇಳಿದ ಎಂದು ಮೊದಲು ತಿಳಿಯಬೇಕಲ್ಲ. ತಿಳಿದ ಮೇಲೆ ಅವಳು ಗೋಡೆಯ ಮೇಲಿನ ಹೊನ್ನನ ಫೋಟೊ ಕಡೆ ಒಮ್ಮೆ ನೋಡಿದಳು. ಗಂಡನನ್ನು ಬೈದದ್ದು ಅವಳಿಗೆ ಹೆಚ್ಚು ತಾಗಿತು ಎಂದು ಉಲ್ಲಾಸನಿಗೆ ಆಗಲೇ ಗೊತ್ತಾಯಿತು. ಬಾಯಿಂದ ಹೋದದ್ದನ್ನು ಹಿಡಿದು ತರುವುದು ಹೇಗೆ? ಅವನು ಹೊರಗೆ ನಡೆದುಬಿಟ್ಟ.

ರಸ್ತೆಯ ಬದಿಯಲ್ಲಿ ಮುನವ್ವರ್ ಭಾಯ್ ವ್ಯಾನಿನಿಂದ ಮಾದಲಕಾಯಿಯ ಚೀಲ ಇಳಿಸುತ್ತಿದ್ದರು. ಉಲ್ಲಾಸ ಹೋಗಿ ವ್ಯಾನಿನ ಮೆಟ್ಟಿಲ ಮೇಲೆ ಕೂತು ಅತ್ತ. ನಲವತ್ತು ದಾಟಿದ ಗಂಡಸು ಹಾಡುಹಗಲೇ ರಸ್ತೆಯಲ್ಲಿ ಕೂತು ಅತ್ತರೆ ಏನು ಹೇಳುವುದು? ವಿಷಯ ಕೇಳಿ ಮುನವ್ವರ್ ಭಾಯ್ ಚೀಲ ಕೆಳಗಿಟ್ಟು ಪಕ್ಕದಲ್ಲಿ ನಿಂತರು. ಆಮೇಲೆ, ಆ ಕಾಯಿ ಈಗಲೇ ಇಳಿಸಿದರೆ ಏನಾದರೂ ಆದೀತೇ ಎಂದು ಕೇಳಿದರು. ಇಲ್ಲ ಎಂದ ಉಲ್ಲಾಸ. ಇನ್ನೆರಡು ತಿಂಗಳು ತಾಯಿಬಳ್ಳಿಯ ಹಾಲು ಕುಡಿಯದೆ ಅದರಲ್ಲಿ ಬೀಜ ಆಗುವುದಿಲ್ಲ. ಹೂವಿನ ಪುಡಿಯೂ ಮುಗಿದಿದೆ. ಹಂಬು ಮುದಿಯಾಗಿದೆ, ಇನ್ನೊಂದು ಮಳೆಗಾಲ ಕಂಡರೆ ಹೆಚ್ಚು. ಎಲ್ಲ ಮುಗಿಯಿತು ಎಂದ.

ಮನೆಯೊಳಗೆ ಗಂಟೆಯ ಸದ್ದು ಕೇಳಲಿಲ್ಲ. ಪೂಜೆ ಯಾಕೆ ಶುರುವಾಗಿಲ್ಲ ಎಂದು ಅವನು ಕಣ್ಣೊರೆಸಿಕೊಂಡು ಎದ್ದು ಹೋದ. ದಬ್ಬೆಗಳ ನಡುವೆ ಕಾಯಿ ಇರಲಿಲ್ಲ. ಅವ್ವನೂ ಇರಲಿಲ್ಲ. ಒಮ್ಮೆ ಕಟ್ಟಿದ ಫಲಾವಳಿಯನ್ನು ಗಣಪತಿ ನೀರಿಗೆ ಹೋಗುವವರೆಗೆ ಯಾರೂ ಬಿಚ್ಚುವುದಿಲ್ಲ. ಹೇಳಿದರೂ ಕೇಳಲಿಲ್ಲ, ಸ್ಟೂಲು ಹತ್ತಿ ಬಿಚ್ಚಿಕೊಂಡು ಹಿತ್ತಿಲ ಬಾಗಿಲಿಂದ ಹೋದಳು ಎಂದರು ಭಟ್ಟರು. ಅವರಿಗೆ ಸಿಟ್ಟಿಗಿಂತ ಗಾಬರಿಯೇ ಹೆಚ್ಚಾಗಿತ್ತು. ಇನ್ನೂ ಮೂರು ಮನೆಯ ಪೂಜೆ ಬಾಕಿ ಇತ್ತು.

ಉಲ್ಲಾಸ ಗದ್ದೆಯ ಅಂಚಿನಲ್ಲಿ ಓಡಿದ. ಹಬ್ಬದ ರಜೆ, ಉದ್ಯಾನದಲ್ಲಿ ನರಪಿಳ್ಳೆ ಇಲ್ಲ. ಆವಿಮನೆಯ ಬಾಗಿಲು ಅರ್ಧ ತೆರೆದಿತ್ತು.

ನಾಗಿ ಹಬ್ಬದ ಸೀರೆಯಲ್ಲೇ ಕಬ್ಬಿಣದ ಸ್ಟೂಲಿನ ಮೇಲೆ ನಿಂತಿದ್ದಳು. ಹಲ್ಲಲ್ಲಿ ಬಾಳೆನಾರು ಕಚ್ಚಿಕೊಂಡು, ಒಂದು ಕೈಯಲ್ಲಿ ಹಂಬಿನ ಕತ್ತರಿಸಿದ ತುದಿ, ಇನ್ನೊಂದರಲ್ಲಿ ಕಾಯಿಯ ತೊಟ್ಟು ಹಿಡಿದು ಎರಡನ್ನೂ ಸೇರಿಸಲು ನೋಡುತ್ತಿದ್ದಳು. ಪಕ್ಕದ ಕುಂಡದ ಅಂಚಿನಲ್ಲಿ ಎಲೆಯ ಮೇಲೆ ಹಸಿ ಸಗಣಿಯ ಉಂಡೆ. ಮಿಡಿಮಾವಿಗೆ ಕಸಿ ಕಟ್ಟುವಾಗ ಊರಲ್ಲಿ ಅವಳನ್ನೇ ಕರೆಯುತ್ತಾರೆ. ಅವಳು ಕಟ್ಟಿದ್ದು ಸತ್ತದ್ದು ಕಡಿಮೆ. ಕೊಂಬೆಯನ್ನು ಕೊಂಬೆಗೆ ಅಂಟಿಸಬಹುದು, ಕೊಯ್ದ ಕಾಯಿಯನ್ನು ಅಂಟಿಸಲಾಗದು ಎಂಬುದು ಅವಳಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೂ ಬಂದಿದ್ದಳು.

ಮಗನನ್ನು ನೋಡಿ ನಾರನ್ನು ಬಾಯಿಂದ ತೆಗೆದಳು.

"ತೊಟ್ಟು ಉದ್ದಕ್ಕೇ ಬಿಟ್ಟು ಕೊಯ್ದಿದ್ದೆ," ಎಂದಳು. "ಕಟ್ಟೂಕೆ ಬತ್ತದೆ. ಒಂಚೂರು ಹಿಡ್ಕ."

ಅವ್ವ, ಅದು ಆಗುವುದಲ್ಲ, ಇಳಿ, ಮನೆಗೆ ಹೋಗೋಣ ಎಂದು ಹೇಳಲು ಅವನು ಬಾಯಿ ತೆರೆದ. ಅವಳ ಮುಖ ನೋಡಿ ಮುಚ್ಚಿದ. ಮುಂದೆ ಹೋಗಿ ತೊಟ್ಟನ್ನೂ ಹಂಬನ್ನೂ ಎರಡು ಬೆರಳಲ್ಲಿ ಸೇರಿಸಿ ಹಿಡಿದ. ಕಾಯಿಯ ಹಸಿರು ಆಗಲೇ ಮಾಸಿತ್ತು. ನಾಗಿ ನಾರನ್ನು ಸುತ್ತು ಸುತ್ತಾಗಿ ಬಿಗಿದು ಗಂಟು ಹಾಕಿದಳು, ಸಗಣಿ ಮೆತ್ತಿದಳು, ಮೇಲೊಂದು ಸುತ್ತು ಸುತ್ತಿದಳು. ಅವಳ ಉಸಿರು ಅವನ ಕೆನ್ನೆಗೆ ತಾಗುತ್ತಿತ್ತು. ನಿಮ್ಮಪ್ಪನಿಗೆ ಇದು ಗೊತ್ತಿರಲಿಲ್ಲ, ಗೊತ್ತಿದ್ದರೆ ಕೊಯ್ಯುತ್ತಿರಲಿಲ್ಲ ಎಂದು ಸಣ್ಣಗೆ ಹೇಳಿದಳು. ಗೊತ್ತು ಅವ್ವ ಎಂದ.

ಕಟ್ಟಿ ಮುಗಿದ ಮೇಲೂ ಅವಳು ಸ್ಟೂಲಿನಿಂದ ಇಳಿಯಲಿಲ್ಲ.

"ಕೈ ಬಿಡಬ್ಯಾಡ ತಮ್ಮಾ. ಅಂಟೂವರೆಗೆ ಹಿಡ್ಕಂಡೇ ಇರು."

ಉಲ್ಲಾಸ ಹಿಡಿದುಕೊಂಡೇ ನಿಂತ.